ಸೈಕಲ್ ಹೊಡಿಯೋರು ನೀವು, ರೊಕ್ಕ ನಾವ್ಯಾಕ ಕೊಡಬೇಕ್ರಿ?

ಕೇಳುಗರೇ, ನಮಸ್ಕಾರ. ಕಲಬುರಗಿಯಲ್ಲಿ ಚಳಿ ಶುರುವಾಯಿತೆಂದರೆ ನಮ್ಮಂಥವರು ನಸುಕಿನಲ್ಲೇ ಎದ್ದು ಸೈಕಲ್ ಹತ್ತಿ ರಿಂಗ್ ರೋಡಿಗೆ ಹೋಗುತ್ತೇವೆ. ಬೇಸಿಗೆಯಲ್ಲಿ ಅದು ಆಗದ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42-43 ಡಿಗ್ರಿ ಮುಟ್ಟುವ ಊರು ಇದು, ಹಾಲು ತರಲು ಹೋಗುವುದಕ್ಕೂ ಟವೆಲ್ ಬೇಕು. ಹಾಗಾಗಿ ಸೈಕಲ್ ಸವಾರಿ ಇಟ್ಟು ಒಂದು ಒಳ್ಳೆಯ ಕೆಲಸಕ್ಕೆ ರೊಕ್ಕ ಕೂಡಿಸಬೇಕು ಅಂದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಮುಗಿಸಿಬಿಡಬೇಕು. ಇವತ್ತು ನಾನು ಮಾತಾಡುವುದು ಸವಾರಿಯ ಬಗ್ಗೆ ಕಡಿಮೆ, ರೊಕ್ಕದ ಬಗ್ಗೆ ಜಾಸ್ತಿ. ಸೈಕಲ್ ಹೊಡೆಯುವುದು ಯಾರಿಗಾದರೂ ಬರುತ್ತದೆ. ಇನ್ನೊಬ್ಬರ ಮುಂದೆ ನಿಂತು ರೊಕ್ಕ ಕೇಳುವುದು ಎಲ್ಲರಿಗೂ ಬರುವುದಿಲ್ಲ.

ಮೊದಲು, ಯಾತಕ್ಕೆ ಕೇಳುತ್ತೇವೆ ಅನ್ನುವುದನ್ನು ಹೇಳಿಬಿಡುತ್ತೇನೆ. ನಮ್ಮ ಗುಂಪು ಆರಿಸಿಕೊಂಡಿರುವುದು ತಾಂಡಾದ ಹುಡುಗಿಯರಿಗೆ ಸೈಕಲ್ ಕೊಡಿಸುವ ಕೆಲಸ. ಎಷ್ಟೋ ತಾಂಡಾಗಳಲ್ಲಿ ಸಾಲಿ ಐದನೇ ತರಗತಿಗೋ ಏಳನೇ ತರಗತಿಗೋ ಮುಗಿಯುತ್ತದೆ. ಎಂಟನೇ ತರಗತಿಗೆ ಬೇರೆ ಊರಿಗೆ ಹೋಗಬೇಕು, ಮೂರು ನಾಲ್ಕು ಕಿಲೋಮೀಟರ್ ಹೊಲದ ದಾರಿಯಲ್ಲಿ. ಅಪ್ಪ ಅಮ್ಮ ದುಡಿಯಲು ಮುಂಬೈಗೋ ಪುಣೆಗೋ ಹೋಗಿರುತ್ತಾರೆ, ಮನೆಯಲ್ಲಿ ಅಜ್ಜಿ ಒಬ್ಬಳೇ. ಸಂಜೆ ಹುಡುಗಿ ಬರುವುದು ತಡವಾದರೆ ಅಜ್ಜಿಗೆ ಜೀವ ಹೊಯ್ದಾಡುತ್ತದೆ. ನಾಲ್ಕು ದಿನ ನೋಡಿ, ಸಾಲಿ ಸಾಕು ಅಂತ ಬಿಡಿಸಿಯೇ ಬಿಡುತ್ತಾಳೆ. ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತ್ತು, ಎಲ್ಲರಿಗೂ ನೆನಪಿರಬೇಕು. ಕೋವಿಡ್ ಬಂದಾಗ ಅದು ನಿಂತುಹೋಯಿತು. 2023ರಿಂದ ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಒಳ್ಳೆಯದೇ ಆಯಿತು, ಆದರೆ ತಾಂಡಾದೊಳಗೆ ಬಸ್ಸೇ ಬರದಿದ್ದರೆ ಟಿಕೆಟ್ ಫ್ರೀ ಆಗಿ ಏನು ಮಾಡುವುದು, ಅಲ್ವಾ?

ಈಗ ರೊಕ್ಕದ ಮಾತು. ನಮ್ಮ ಕಡೆ ರೊಕ್ಕ ಕೇಳಲು ಒಳ್ಳೆಯ ಸಮಯ ಅಂದರೆ ತೊಗರಿ ರಾಶಿ ಆದ ಮೇಲೆ. ಡಿಸೆಂಬರ್, ಜನವರಿಯಲ್ಲಿ ಗಂಜಿಗೆ, ಅಂದರೆ ಕಾಳಿನ ಮಾರುಕಟ್ಟೆಗೆ, ಹೊಸ ಮಾಲು ಬರುತ್ತದೆ, ಊರಲ್ಲಿ ಕೈಯಿಂದ ಕೈಗೆ ದುಡ್ಡು ಓಡಾಡುತ್ತದೆ. ಆಗ ನಾವು ಒಂದು ಅಡತಿ ಅಂಗಡಿಗೆ ಹೋಗಿದ್ದೆವು. ಬಾಗಿಲಿಗೇ ತೊಗರಿ ಗುಡ್ಡೆ, ಪಕ್ಕದಲ್ಲಿ ಬಾಯಿ ಬಿಚ್ಚಿದ ಗೋಣಿಚೀಲಗಳು, ಹಮಾಲರು ಚೀಲ ಹೊತ್ತು ನಮ್ಮನ್ನೇ ತಳ್ಳಿಕೊಂಡು ಓಡಾಡುತ್ತಿದ್ದರು. ಸಾಹುಕಾರರು ಒಂದು ಹಿಡಿ ತೊಗರಿ ಅಂಗೈಯಲ್ಲಿ ಹಿಡಿದು ಊದಿ ಹೊಟ್ಟು ಹಾರಿಸಿದರು, ಒಂದು ಕಾಳು ಬಾಯಿಗೆ ಹಾಕಿ ಕಟ್ ಅಂತ ಕಡಿದರು. ಆಮೇಲೆ ನಮ್ಮ ಮುಖ ನೋಡದೆಯೇ ಕೇಳಿದರು: "ಅಲ್ರೀ ಸರ, ಸೈಕಲ್ ಹೊಡಿಯೋರು ನೀವು. ರೊಕ್ಕ ನಾವ್ಯಾಕ ಕೊಡಬೇಕ್ರಿ?"

ನೋಡಿ, ಇದು ವಾರೆಯಾಗಿ ಕೇಳಿದ ಪ್ರಶ್ನೆ ಅಂತ ಅನಿಸಬಹುದು. ನನಗೆ ಮಾತ್ರ ಇಷ್ಟು ನೇರವಾದ ಪ್ರಶ್ನೆಯನ್ನು ಬೇರೆ ಯಾರೂ ಕೇಳಿಲ್ಲ. ನನ್ನ ಜೊತೆಗಿದ್ದ ಗೆಳೆಯ ಹೇಳಿದ: "ಸಾಹುಕಾರ್ರ, ನಾಳೆ ನಾ ಬಿದ್ದು ಕಾಲು ಮುರಕೊಂಡು ಮನ್ಯಾಗ ಕುಂತರೂ ಆ ಹುಡುಗಿ ಸಾಲಿಗಿ ನಡಕೊಂತೇ ಹೋಗ್ತಾಳ್ರಿ. ರೊಕ್ಕ ಆಕಿಗಿ, ನಮಗಲ್ಲ." ಸಾಹುಕಾರರು ಅಷ್ಟಕ್ಕೇ ಬಿಡಲಿಲ್ಲ. "ಮತ್ತ ನಿಮ್ಮ ಟೀ ಶರ್ಟಿನ ಖರ್ಚು?" ಅಂದರು. ನಮ್ಮದೇ ರೀ ಅಂದೆವು. ಆಗ ಗುಮಾಸ್ತನನ್ನು ಕರೆದು ಎರಡು ಸೈಕಲ್ಲಿನ ರೊಕ್ಕ ಬರೆಸಿದರು.

ಆ ಟೀ ಶರ್ಟಿನ ಪ್ರಶ್ನೆಯಲ್ಲೇ ಎಲ್ಲ ಇದೆ. ಸವಾರಿ ಇಟ್ಟರೆ ಖರ್ಚು ಬಂದೇ ಬರುತ್ತದೆ. ನೀರು, ಓಆರ್‌ಎಸ್, ಹಿಂದೆ ಬರುವ ಜೀಪು, ಆಂಬುಲೆನ್ಸ್, ಬ್ಯಾನರು. ಇದನ್ನೆಲ್ಲ ಹುಡುಗಿಯರ ಹೆಸರಲ್ಲಿ ಬಂದ ರೊಕ್ಕದಿಂದ ತೆಗೆದರೆ, ಕೊಟ್ಟವರಿಗೆ ಮೋಸ ಮಾಡಿದ ಹಾಗೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಪ್ಯಾನ್-ಮ್ಯಾಸ್ ಚಾಲೆಂಜ್ ಅಂತ ಒಂದು ಸವಾರಿ ಇದೆ. 1980ರಲ್ಲಿ 36 ಜನ ಸೈಕಲ್ ಹೊಡೆದು, ಬಾಸ್ಟನ್ನಿನ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಸುಮಾರು 10 ಸಾವಿರ ಡಾಲರ್ ಕೊಟ್ಟರು. ಅವರು ಇಲ್ಲಿಯವರೆಗೆ ಕೊಟ್ಟದ್ದೆಲ್ಲ ಸೇರಿ 100 ಕೋಟಿ ಡಾಲರ್ ದಾಟಿದೆ. ಅಲ್ಲಿ ಸವಾರರು ತಂದ ರೊಕ್ಕ ನೂರಕ್ಕೆ ನೂರು ಕ್ಯಾನ್ಸರ್ ಕೆಲಸಕ್ಕೇ ಹೋಗುತ್ತದೆ, ಸವಾರಿಯ ಖರ್ಚಿಗೆ ಬೇರೆ ಪ್ರಾಯೋಜಕರನ್ನು ಹಿಡಿಯುತ್ತಾರೆ. ಇನ್ನೊಂದು ಕಟ್ಟುನಿಟ್ಟು ಇದೆ: ಇಷ್ಟು ಕೂಡಿಸುತ್ತೇನೆ ಅಂತ ಮೊದಲೇ ಒಪ್ಪಿ ಹೆಸರು ಬರೆಸಬೇಕು, ಕೂಡದಿದ್ದರೆ ಉಳಿದದ್ದು ತಮ್ಮ ಜೇಬಿನಿಂದ. ಅವರ ಡಾಲರ್ ಲೆಕ್ಕ ನಮಗೆ ಬೇಡ, ಆದರೆ ಈ ಎರಡು ಕಟ್ಟಳೆ ಕಲಬುರಗಿಯಲ್ಲೂ ನಡೆಯುತ್ತವೆ. ನಾವು ಎರಡು ಪುಸ್ತಕ ಇಡುತ್ತೇವೆ. ಒಂದು ಸೈಕಲ್ಲಿನದು, ಒಂದು ಸವಾರಿಯದು. ಬಟ್ಟೆ ಅಂಗಡಿಯವರೋ ಕೋಚಿಂಗ್ ಕ್ಲಾಸಿನವರೋ ತಮ್ಮ ಹೆಸರು ಟೀ ಶರ್ಟಿನ ಮೇಲೆ ಬರಲಿ ಅಂದರೆ, ಬರಲಿ, ಆ ರೊಕ್ಕ ಎರಡನೇ ಪುಸ್ತಕಕ್ಕೆ. ಸವಾರಿ ಮುಗಿಸಿ ತಿನ್ನುವ ಸುಸಲಾ ಮಿರ್ಚಿ ಮಾತ್ರ ಎರಡೂ ಪುಸ್ತಕಕ್ಕೆ ಬರುವುದಿಲ್ಲ. ಅದು ಅವರವರ ಹೊಟ್ಟೆ, ಅವರವರ ಜೇಬು.

ಕೇಳುವ ರೀತಿಗೆ ಬರೋಣ. "ಕಿಲೋಮೀಟರಿಗೆ ಇಷ್ಟು ರೂಪಾಯಿ ಕೊಡಿ" ಅಂತ ಕೇಳುವುದು ಬೇರೆ ದೇಶಗಳಲ್ಲಿ ರೂಢಿ. ಕಿಲೋಮೀಟರಿಗೆ 10 ರೂಪಾಯಿ, 75 ಕಿಲೋಮೀಟರ್ ಆದರೆ 750. ಕೇಳಲು ಚೆಂದ. ಆದರೆ ಸವಾರಿ ಮುಗಿದ ಮೇಲೆ ಮತ್ತೆ ಮನೆ ಮನೆಗೆ ಹೋಗಿ ವಸೂಲಿ ಮಾಡಬೇಕು, ಆಗ "ನಾಡಿದ್ದ ಬರ್ರಿ" ಶುರುವಾಗುತ್ತದೆ. ನಾವು ಅದರ ಬದಲು ಸೈಕಲ್ಲನ್ನೇ ಬಿಡಿ ಬಿಡಿಯಾಗಿ ಮುಂದಿಟ್ಟೆವು. ಪೂರ್ತಿ ಸೈಕಲ್ಲಿಗೆ 5-6 ಸಾವಿರ ಬೇಕು, ಅಷ್ಟು ಎಲ್ಲರ ಕೈಯಲ್ಲಿ ಆಗುವುದಿಲ್ಲ. ಸರಿ, ನೀವು ಸೀಟು ಕೊಡಿ, ನೀವು ಬೀಗ ಕೊಡಿ, ನೀವು ಕ್ಯಾರಿಯರ್ ಕೊಡಿ. ಸೂಪರ್ ಮಾರ್ಕೆಟ್ ಹತ್ತಿರ ಒಬ್ಬ ಆಟೋದವರು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, ಬೆರಳಿಟ್ಟು, "ಬೆಲ್ಲು ನಂದು" ಅಂತ 100 ರೂಪಾಯಿ ತೆಗೆದು ಕೊಟ್ಟರು. ಸುಮ್ನೆ "ಏನಾದರೂ ಕೊಡಿ" ಅಂದಿದ್ದರೆ ಅವರು ಹತ್ತು ರೂಪಾಯಿ ಕೊಟ್ಟು ಗೇರ್ ಹಾಕುತ್ತಿದ್ದರು.

ಪಟ್ಟಿ ಅಂದ ಮೇಲೆ ಇನ್ನೊಂದು. ಜಾತ್ರೆಗೆ, ಗಣೇಶನಿಗೆ ಪಟ್ಟಿ ಎತ್ತಿದವರಿಗೆಲ್ಲ ಇದು ಗೊತ್ತು. ಮೊದಲ ಹೆಸರಿನ ಮುಂದೆ 101 ಇದ್ದರೆ ಕೊನೆಯವರೆಗೂ 101ರ ಮೇಲೆ ಯಾರೂ ಏರುವುದಿಲ್ಲ. ಅದಕ್ಕೇ ಮೊದಲು ಸವಾರರೇ ತಮ್ಮ ಹೆಸರು ಬರೆದು ರೊಕ್ಕ ಇಡಬೇಕು, ಆಮೇಲೆ ಕೈ ದೊಡ್ಡದಿದ್ದವರ ಹತ್ತಿರ ಹೋಗಬೇಕು, ಬೀದಿಗೆ ಕೊನೆಗೆ.

ಸ್ಕ್ಯಾನರ್ ಬಗ್ಗೆ ಸ್ವಲ್ಪ ಹುಷಾರು. ಫೋನಿನಲ್ಲಿ ಸ್ಕ್ಯಾನ್ ಮಾಡಿದಾಗ ಟ್ರಸ್ಟಿನ ಹೆಸರು ಬರಬೇಕು. ಯಾರೋ ಒಬ್ಬರ ಸ್ವಂತ ಹೆಸರು ಬಂದರೆ ಅಲ್ಲೇ ನಿಲ್ಲಿಸಿ ಕೇಳಿ, ಸಂಕೋಚ ಬೇಡ. ನಾವು ಹೊಸ ಖಾತೆ ತೆರೆಯಲಿಲ್ಲ, ಮೊದಲಿನಿಂದ ನೋಂದಣಿ ಇರುವ ಒಂದು ಟ್ರಸ್ಟಿನ ಖಾತೆಗೇ ರೊಕ್ಕ ಹಾಕಿಸುತ್ತೇವೆ. ತೆರಿಗೆ ಕಟ್ಟುವವರು 80ಜಿ, ಅಂದರೆ ದಾನ ಕೊಟ್ಟದ್ದಕ್ಕೆ ತೆರಿಗೆಯಲ್ಲಿ ಸಿಗುವ ರಿಯಾಯಿತಿ, ಇದೆಯಾ ಅಂತ ಕೇಳುತ್ತಾರೆ. ಕೇಳಲೇಬೇಕು. ಆದರೆ ನಗದು ಕೊಟ್ಟರೆ 2,000 ರೂಪಾಯಿಯ ಮೇಲೆ ಆ ರಿಯಾಯಿತಿ ಸಿಗುವುದಿಲ್ಲ, ಜಾಸ್ತಿ ಕೊಡುವವರು ಚೆಕ್ಕೋ ಫೋನೋ ಬಳಸಬೇಕು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಅದು ಇಲ್ಲವೇ ಇಲ್ಲ, ಇದನ್ನು ಮೊದಲೇ ಬಾಯಿಬಿಟ್ಟು ಹೇಳಿಬಿಡಿ. ಮಾರ್ಚಿನಲ್ಲಿ ಬೈಸಿಕೊಳ್ಳುವುದು ತಪ್ಪುತ್ತದೆ.

ಸವಾರಿ ಹೇಗೆ ಅಂತೀರಾ? ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರ, ಅಲ್ಲಿಂದ ವಾಪಸ್. ಹೆದ್ದಾರಿ, ಲಾರಿಗಳು ಜಾಸ್ತಿ, ಒಂದೇ ಸಾಲಿನಲ್ಲಿ ಎಡಕ್ಕೆ ಹೋಗಬೇಕು. ರಸ್ತೆಯ ಅಂಚಿಗೆ ತೀರಾ ಇಳಿದರೆ ಜಾಲಿ ಮುಳ್ಳು, ಹೊಸ ಟ್ಯೂಬೂ ಉಳಿಯುವುದಿಲ್ಲ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು. ರೇಟು ಜಾಸ್ತಿ, ಆದರೂ ಒಂದು ತಿಂದರೆ ವಾಪಸ್ ಬರುವಷ್ಟು ಕಸುವು ಬರುತ್ತದೆ. ಬಾವುಟ ತೋರಿಸಲು ದೊಡ್ಡವರನ್ನು ಕರೆಯುವ ಪದ್ಧತಿ ಮಾತ್ರ ಬಿಡಿ. ಆರು ಗಂಟೆಗೆ ಹೇಳಿದರೆ ಎಂಟೂವರೆಗೆ ಬರುತ್ತಾರೆ, ಅಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದು ಅರ್ಧ ಜನ ಮನೆಗೆ ಹೋಗಿರುತ್ತಾರೆ.

ಕೊನೆಗೊಂದು ವಿಷಯ, ಇದನ್ನು ಬಹಳ ಜನ ಮರೆಯುತ್ತಾರೆ. ಸೈಕಲ್ ಕೊಟ್ಟು ಫೋಟೋ ತೆಗೆದರೆ ಕೆಲಸ ಮುಗಿಯುವುದಿಲ್ಲ. ಎರೆಹೊಲದ ದಾರಿ, ಮಳೆಗಾಲದಲ್ಲಿ ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಗಾಲಿ ತಿರುಗುವುದೇ ಇಲ್ಲ. ಪಂಕ್ಚರ್ ಆದ ದಿನ ಅಜ್ಜಿಯ ಕೈಯಲ್ಲಿ ಇಪ್ಪತ್ತು ರೂಪಾಯಿ ಇಲ್ಲದಿದ್ದರೆ ಸೈಕಲ್ ಗೋಡೆಗೆ ಒರಗುತ್ತದೆ, ಅಲ್ಲೇ ತುಕ್ಕು ಹಿಡಿಯುತ್ತದೆ. ಹಾಗಾಗಿ ಕೂಡಿದ ರೊಕ್ಕದಲ್ಲಿ ಒಂದು ಪಾಲು ರಿಪೇರಿಗೆ ತೆಗೆದಿಡಿ. ಸಾಲಿ ಇರುವ ಊರಿನ ಪಂಕ್ಚರ್ ಅಂಗಡಿಯವರಿಗೆ ಮೊದಲೇ ಮುಂಗಡ ಕೊಟ್ಟು, ಈ ಹುಡುಗಿಯರು ಬಂದರೆ ರೊಕ್ಕ ಕೇಳಬೇಡಿ, ಬರೆದಿಡಿ ಅಂತ ಹೇಳಿ. ತಿಂಗಳಿಗೊಮ್ಮೆ ಹೋಗಿ ಆ ವಹಿ ನೋಡಿ. ಯಾವ ಹೆಸರು ಅದರಲ್ಲಿ ಒಮ್ಮೆಯೂ ಬಂದಿಲ್ಲವೋ ಆ ಹುಡುಗಿಯ ಮನೆಗೆ ಹೋಗಿ ವಿಚಾರಿಸಿ: ಸೈಕಲ್ ಚೆನ್ನಾಗಿದೆಯೋ, ಇಲ್ಲ ಅಣ್ಣ ತಗೊಂಡು ಹೋಗಿದ್ದಾನೋ?

ನಮಸ್ಕಾರ.