ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿ

ಕೇಳುಗರಿಗೆಲ್ಲ ನಮಸ್ಕಾರ. ಮೊಬೈಲ್ ಹತ್ತಿರದಲ್ಲೇ ಇದ್ದರೆ ಎತ್ತಿಕೊಳ್ಳಿ, ಗ್ಯಾಲರಿ ತೆರೆಯಿರಿ. ಕಾರವಾರದ ಟಾಗೋರ್ ಕಡಲತೀರದಲ್ಲೋ, ಗೋಕರ್ಣದಲ್ಲೋ, ಮುರ್ಡೇಶ್ವರದಲ್ಲೋ ತೆಗೆದ ಸೂರ್ಯಾಸ್ತದ ಫೋಟೊ ಎಷ್ಟಿವೆ ನೋಡಿ. ರಾಶಿ ಇರುತ್ತವೆ. ಈಗ ಇನ್ನೊಂದನ್ನು ಹುಡುಕಿ. ಕಾಳಿ ನದಿಯ ಹಳೇ ಸೇತುವೆಯದ್ದು. 2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದ ಮೇಲೆ ಕುಸಿದು ಬಿತ್ತಲ್ಲ, ಅದೇ. ಸದಾಶಿವಗಡಕ್ಕೆ, ಗೋವಾಕ್ಕೆ ಅಂತ ವರ್ಷಗಟ್ಟಲೆ ಅದರ ಮೇಲೆ ಓಡಾಡಿದವರು ನಾವು. ಸಿಕ್ಕಿತಾ? ಸಿಕ್ಕರೂ ಯಾರದೋ ಸೆಲ್ಫಿಯ ಹಿಂದೆ, ಮೂಲೆಯಲ್ಲಿ, ಅಲ್ವಾ?

ಸೂರ್ಯ ನಾಳೆಯೂ ಮುಳುಗುತ್ತಾನೆ. ಅವನಿಗೇನೂ ಅವಸರವಿಲ್ಲ. ಅದಕ್ಕೇ ಹವ್ಯಾಸಕ್ಕೆ ಫೋಟೊ ತೆಗೆಯುವವರಿಗೆ ನಾನು ಹೇಳುವುದು ಇಷ್ಟೇ: ಸಂಜೆ ಕಡಲಿಗೆ ಹೋದಾಗ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿ.

ಸೂರ್ಯನ ಫೋಟೊ ಯಾಕೆ ಚೆನ್ನಾಗಿ ಬರುವುದಿಲ್ಲ ಅಂತ ಮೊದಲು ನೋಡೋಣ. ದಿಗಂತದ ಹತ್ತಿರ ಅವನು ಕಣ್ಣಿಗೆ ದೊಡ್ಡವನಾಗಿ ಕಾಣುತ್ತಾನೆ. ಫೋಟೊದಲ್ಲಿ ನೋಡಿದರೆ ಕುಂಕುಮದ ಬೊಟ್ಟಿನಷ್ಟು. ನಿಜವಾಗಿ ಅವನ ಅಗಲ ಅರ್ಧ ಡಿಗ್ರಿ ಅಷ್ಟೇ. ಕೆಂಪಾಗಿ ಇಳಿದ ಮೇಲೆ ತೋಳು ಪೂರ್ತಿ ಚಾಚಿ ಕಿರುಬೆರಳು ಅಡ್ಡ ಹಿಡಿಯಿರಿ, ಅದರ ಹಿಂದೆ ಪೂರ್ತಿ ಅಡಗಿಬಿಡುತ್ತಾನೆ. ಮೊಬೈಲ್‌ನ ಮುಖ್ಯ ಲೆನ್ಸ್‌ ಅಡ್ಡಕ್ಕೆ ಸುಮಾರು 70 ಡಿಗ್ರಿ ನೋಡುತ್ತದೆ. ಅಷ್ಟು ಅಗಲದಲ್ಲಿ ಈ ಅರ್ಧ ಡಿಗ್ರಿ ಎಲ್ಲಿ ಲೆಕ್ಕ? ಬೆರಳಲ್ಲಿ ಎಳೆದು ಜೂಮ್ ಮಾಡಿದರೆ ಸೂರ್ಯ ದೊಡ್ಡದಾಗುತ್ತಾನೆ ನಿಜ, ಜೊತೆಗೆ ಚಿತ್ರವೂ ಒಡೆದುಹೋಗುತ್ತದೆ. ಮುಂದೆ ನಿಂತ ಮನುಷ್ಯರಂತೂ ಬರೀ ಕಪ್ಪು ನೆರಳು. ಅದೂ ಒಂದು ಚಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಎಲ್ಲರ ಹತ್ತಿರವೂ ಅದೇ ಇದೆ.

ಈಗ ತಿರುಗಿ. ಇಳಿ ಬಿಸಿಲು ಗಾಳಿಯ ದಪ್ಪ ಪದರ ದಾಟಿ ಬರುತ್ತದೆ. ದಾರಿಯಲ್ಲೇ ನೀಲಿ ಬಣ್ಣ ಚದುರಿಹೋಗಿ, ಹಳದಿ ಕೆಂಪು ಜಾಸ್ತಿ ಉಳಿಯುತ್ತದೆ. ಆ ಬೆಳಕು ದಂಡೆಯ ಗಾಳಿ ಮರಗಳ ಮೇಲೆ, ಮಗುಚಿಟ್ಟ ದೋಣಿಯ ಮೇಲೆ, ಹಿಂದಿನ ಗುಡ್ಡದ ಮೇಲೆ ಬಿದ್ದಿರುತ್ತದೆ. ಎಲ್ಲರೂ ಮೊಬೈಲ್ ಎತ್ತಿ ಕಡಲಿನ ಕಡೆ ಹಿಡಿದು ನಿಂತಿರುತ್ತಾರೆ. ಆ ಮುಖಗಳೇ ಸಾಕು, ಒಳ್ಳೆಯ ಫೋಟೊ.

ಕಾರವಾರದ ದಂಡೆಯಲ್ಲಿ ಏಂಡಿ ಬಲೆ, ಅಂದರೆ ದಡದಲ್ಲೇ ನಿಂತು ಹಗ್ಗದಿಂದ ಎಳೆಯುವ ಮೀನುಬಲೆ, ಎಳೆಯುವುದನ್ನು ನೀವು ನೋಡಿರುತ್ತೀರಿ. ಎಳೆಯುವವರು ಕಡಲಿನ ಕಡೆ ಮುಖ ಮಾಡಿ, ಹಿಂದಕ್ಕೆ ವಾಲಿ, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಾರೆ. ಅಂದರೆ ಸಂಜೆಯ ಬೆಳಕು ನೇರ ಅವರ ಮುಖದ ಮೇಲೆ. ನಾವು ಎಲ್ಲಿ ನಿಲ್ಲುತ್ತೇವೆ? ಅವರ ಹಿಂದೆ, ಒಣ ಮರಳಲ್ಲಿ, ಚಪ್ಪಲಿ ಒದ್ದೆಯಾಗದ ಹಾಗೆ. ಸಿಗುವುದು ಬೆನ್ನು ಮಾತ್ರ. ಚಪ್ಪಲಿ ಬಿಚ್ಚಿಟ್ಟು, ಹಗ್ಗಕ್ಕೆ ಅಡ್ಡ ಬಾರದ ಹಾಗೆ ಸುತ್ತಿ ಬಂದು ತೆರೆಯ ಅಂಚಿನಲ್ಲಿ ನಿಲ್ಲಿ. ತೆರೆಯ ಮೇಲೂ ಒಂದು ಕಣ್ಣಿರಲಿ, ಮಳೆಗಾಲದಲ್ಲಂತೂ ಈ ಸಾಹಸವೇ ಬೇಡ. ಅಲ್ಲಿಂದ ನೋಡಿದರೆ ಮರಳಲ್ಲಿ ಊರಿದ ಹಿಮ್ಮಡಿ ಕಾಣುತ್ತದೆ. ಒದ್ದೆ ಹಗ್ಗದಿಂದ ಮಣಿಕಟ್ಟಿನ ಮೇಲೆ ಇಳಿಯುವ ನೀರು, ಮುಂಗೈಗೆ ಅಂಟಿ ಮಿಂಚುವ ಮೀನಿನ ಹುರುಪೆ ಕಾಣುತ್ತದೆ. ಇಡೀ ಸಾಲನ್ನು ಒಂದೇ ಫೋಟೊದಲ್ಲಿ ತುರುಕಬೇಡಿ. ಎರಡು ಕೈ, ಒಂದು ಹಗ್ಗ, ಅಷ್ಟೇ ತೆಗೆಯಿರಿ. ಕ್ಯಾಮೆರಾ ಇದ್ದವರು ಶಟರ್ ವೇಗ ಸೆಕೆಂಡಿನ 500ರಲ್ಲಿ ಒಂದು ಭಾಗಕ್ಕೆ ಇಟ್ಟುಕೊಂಡರೆ ಚಿಮ್ಮುವ ನೀರೂ ನಿಲ್ಲುತ್ತದೆ. ಮೊಬೈಲ್‌ನವರು ಜೂಮ್ ಬಿಟ್ಟು ಎರಡು ಹೆಜ್ಜೆ ಮುಂದೆ ಹೋಗಿ. ಮುಖಕ್ಕೆ ತೀರಾ ಹತ್ತಿರ ಹೋಗಬೇಡಿ, ಅಗಲದ ಲೆನ್ಸ್‌ನಲ್ಲಿ ಮೂಗು ದೊಡ್ಡದಾಗುತ್ತದೆ. ಮುಖ ಚೌಕಟ್ಟಿನ ಅಂಚಿಗೆ ಬಂದರೆ ಹಿಗ್ಗಿದ ಹಾಗೆ ಕಾಣುತ್ತದೆ.

ಇನ್ನು ಬೆಳಕಿನ ಅಳತೆ. ಕ್ಯಾಮೆರಾಕ್ಕೆ ಉಪ್ಪು ಯಾವುದು, ಕರಿಬಂಡೆ ಯಾವುದು ಗೊತ್ತಿಲ್ಲ. ಎದುರಿಗೆ ಇರುವುದೆಲ್ಲ ನಡುಬೂದಿ ಬಣ್ಣದ್ದು ಅಂದುಕೊಂಡು ಲೆಕ್ಕ ಹಾಕುವುದು ಅದರ ಹಳೇ ಚಾಳಿ. ಗೋಕರ್ಣದ ಹತ್ತಿರ ಸಾಣಿಕಟ್ಟಾಕ್ಕೆ ಬೇಸಿಗೆಯಲ್ಲಿ ಹೋಗಿ ಉಪ್ಪಿನ ರಾಶಿಯ ಫೋಟೊ ತೆಗೆದು ನೋಡಿ. ಬಿಳಿ ಉಪ್ಪು ಮಾಸಲಾಗಿ ಬರುತ್ತದೆ. ಯಾಣಕ್ಕೆ ಹೋದರೆ ಇದರ ತದ್ವಿರುದ್ಧ. ಕರಿಬಂಡೆ ತೆಳು ಬೂದಿಯಾಗಿ, ಮೇಲಿನ ಆಕಾಶ ಸುಟ್ಟು ಬಿಳಿಯಾಗಿರುತ್ತದೆ. ಮೊಬೈಲ್ ಪರದೆಯ ಮೇಲೆ ಬೇಕಾದ ಕಡೆ ಬೆರಳಿಡಿ, ಒಂದು ಚಿಕ್ಕ ಸೂರ್ಯನ ಗುರುತು ಬರುತ್ತದೆ. ಅದನ್ನು ಉಪ್ಪಿಗೆ ಮೇಲೆ ಎಳೆಯಿರಿ, ಯಾಣಕ್ಕೆ ಕೆಳಗೆ ಎಳೆಯಿರಿ. ಬಹಳಷ್ಟು ಮೊಬೈಲ್‌ಗಳಲ್ಲಿ ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಆ ಅಳತೆ ಅಲ್ಲೇ ನಿಲ್ಲುತ್ತದೆ. ಹೊಸ ಫೋನ್ ಕೊಳ್ಳುವ ಮೊದಲು ಇದನ್ನು ಕಲಿಯಿರಿ. ದುಡ್ಡು ಉಳಿಯುತ್ತದೆ.

ಘಟ್ಟದ ಮೇಲಿನವರು, ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಕೇಳಬಹುದು: ನಮಗೆ ಕಡಲೆಲ್ಲಿದೆ ಮಾರಾಯ್ರೆ? ನಿಜ ಹೇಳಬೇಕೆಂದರೆ ಬೆಳಕು ಕಲಿಯಲು ಅಡಿಕೆ ತೋಟದಂಥ ಶಾಲೆ ಇಲ್ಲ. ಕಷ್ಟದ ಶಾಲೆ. ನಡುಮಧ್ಯಾಹ್ನ ತೋಟದಲ್ಲಿ ಬಿಸಿಲಿನ ಚುಕ್ಕೆ, ನೆರಳಿನ ಚುಕ್ಕೆ ಕಲಸಿಹೋಗಿರುತ್ತದೆ. ಮನುಷ್ಯರನ್ನು ನಿಲ್ಲಿಸಿ ತೆಗೆದರೆ ಅರ್ಧ ಹಣೆ ಬೆಳ್ಳಗೆ, ಅರ್ಧ ಕೆನ್ನೆ ಕಪ್ಪು. ಮೋಡದ ದಿನ ಹೋಗಿ, ಇಲ್ಲಾ ಬೆಳಗಿನ ಇಬ್ಬನಿಯಲ್ಲಿ ಹೋಗಿ. ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ ಹೊತ್ತಿಗೆ ಎಲ್ಲರೂ ಮರ ಹತ್ತಿ ಕೊಯ್ಯುವ ಕೊನೆಗೌಡನನ್ನು ಕೆಳಗಿನಿಂದ ತೆಗೆಯುತ್ತಾರೆ. ಬಿಳಿ ಆಕಾಶ, ಅದರ ನಡುವೆ ಒಂದು ಕಪ್ಪು ಆಕೃತಿ. ನನಗಂತೂ ಕೆಳಗೆ ಹಗ್ಗ ಹಿಡಿದು ಕೊನೆ ಇಳಿಸಿಕೊಳ್ಳುವವನ ಮುಖವೇ ಹೆಚ್ಚು ಇಷ್ಟ. ಮೇಲೆ ನೋಡುತ್ತಾ ಬಾಯಿ ಸ್ವಲ್ಪ ತೆರೆದಿರುತ್ತದೆ. ಅವನಿಗೆ ಕ್ಯಾಮೆರಾ ಇರುವುದೇ ಮರೆತುಹೋಗಿರುತ್ತದೆ.

ಇನ್ನೂ ಸುಲಭದ್ದು ಬೇಕೇ? ಜಗುಲಿಯಲ್ಲಿ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯುವವರನ್ನು ನೋಡಿ. ಬೆಳಕು ಒಂದೇ ಕಡೆಯಿಂದ, ಅಂಗಳದಿಂದ ಬರುತ್ತದೆ. ಸ್ಟುಡಿಯೋದವರು ದೀಪ, ಕೊಡೆ ಎಲ್ಲ ಇಟ್ಟು ಮಾಡುವುದೂ ಇದನ್ನೇ. ಅಂಗಳಕ್ಕೆ ಬೆನ್ನು ಮಾಡಿ ತೆಗೆದರೆ ಮುಖ ಸಪಾಟಾಗುತ್ತದೆ. ಬದಿಗೆ ಸರಿದು, ಅರ್ಧ ಮುಖ ಬೆಳಕಲ್ಲಿ, ಅರ್ಧ ನೆರಳಲ್ಲಿ ಇರುವ ಹಾಗೆ ಕೂತುಕೊಳ್ಳಿ. ಹೌದು, ಕೂತುಕೊಳ್ಳಿ. ಅವರು ನೆಲದ ಮೇಲೆ ಕೂತಿರುವಾಗ ನಾವು ನಿಂತು ತೆಗೆದರೆ ಬರೀ ನೆತ್ತಿ ಬರುತ್ತದೆ. ಜಗುಲಿಯಲ್ಲಿ ಬಲ್ಬು ಉರಿಯುತ್ತಿದ್ದರೆ ಆರಿಸಲು ಹೇಳಿ. ಅದರ ಹಳದಿ, ಹಗಲಿನ ಬಿಳುಪು ಸೇರಿ ಚರ್ಮದ ಬಣ್ಣ ಕೆಡುತ್ತದೆ.

ಯಕ್ಷಗಾನದ ಬಗ್ಗೆ ಎರಡೇ ಮಾತು. ಫ್ಲ್ಯಾಶ್ ಬೇಡವೇ ಬೇಡ. ವೇಷಧಾರಿಯ ಕಣ್ಣು ಕುಕ್ಕುತ್ತದೆ, ರಂಗದ ಬಣ್ಣವೂ ಹೋಗುತ್ತದೆ. ಈಗ ಹೆಚ್ಚಿನ ಕಡೆ ಎಲ್ಇಡಿ ದೀಪ. ನಮ್ಮ ಕರೆಂಟು 50 ಹರ್ಟ್ಸ್‌ನದು, ಹಾಗಾಗಿ ಕೆಲವು ದೀಪ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ವೇಗ ಜಾಸ್ತಿಯಾದರೆ ಫೋಟೊದಲ್ಲಿ ಅಡ್ಡಪಟ್ಟಿ ಬೀಳುತ್ತದೆ. 100ರಲ್ಲಿ ಒಂದು ಭಾಗಕ್ಕೆ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮಂಡಿ ಕುಣಿತದಲ್ಲಿ ಬಟ್ಟೆ ಸ್ವಲ್ಪ ಮಸುಕಾದರೆ ಆಗಲಿ ಬಿಡಿ, ಕುಣಿತ ಅಂತ ಗೊತ್ತಾಗಬೇಡವೇ? ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ತೆಗೆಯಬೇಕಾದರೆ ಕೇಳಿ ಒಳಗೆ ಹೋಗಿ.

ಕೇಳುವ ವಿಷಯ ಬಂತು. ಅಂಕೋಲಾದ ಸಂತೆಯಲ್ಲಿ ಹಾಲಕ್ಕಿ ಸಮುದಾಯದ ಹೆಂಗಸರ ಮಣಿಸರ ಕಂಡ ಕೂಡಲೇ ಕೆಲವರು ಮುಖದ ಹತ್ತಿರ ಕ್ಯಾಮೆರಾ ಒಯ್ಯುತ್ತಾರೆ. ಅವರು ಬಂದಿರುವುದು ತರಕಾರಿ ಮಾರಲು, ಪ್ರದರ್ಶನಕ್ಕಲ್ಲ. "ಅಕ್ಕಾ, ಒಂದು ಫೋಟೊ ತೆಗೀಲಾ?" ಅಂತ ಕೇಳಿದರೆ ಏನು ಕಳೆದುಹೋಗುತ್ತದೆ? ಬೇಡ ಅಂದರೆ ಬೇಡ. ಹಾಗೇ ಕಾರವಾರದಲ್ಲಿ ನೌಕಾನೆಲೆ ಇದೆ ಎಂಬುದು ನೆನಪಿರಲಿ. ಆ ಕಡೆ ಕ್ಯಾಮೆರಾ ತಿರುಗಿಸಬೇಡಿ, ಅನುಮತಿ ಇಲ್ಲದೆ ಡ್ರೋನ್ ಹಾರಿಸಬೇಡಿ.

ಕಡಲಿಂದ ಬಂದ ಮೇಲೆ ಲೆನ್ಸ್ ನೋಡಿ. ಉಪ್ಪಿನ ತೇವ ಕೂತು ಮಂಜು ಮಂಜಾಗಿರುತ್ತದೆ. ಅಂಗಿಯ ಚುಂಗಿನಿಂದ ಉಜ್ಜಬೇಡಿ, ಮರಳಿನ ಒಂದು ಕಣ ಇದ್ದರೂ ಗೀರು ಬೀಳುತ್ತದೆ. ಮೊದಲು ಗಾಳಿ ಊದುವ ರಬ್ಬರ್ ಬುಡ್ಡೆಯಿಂದ ಧೂಳು ಹಾರಿಸಿ, ಆಮೇಲೆ ಕನ್ನಡಕ ಒರೆಸುವ ಮೆತ್ತನೆ ಬಟ್ಟೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಳೆಗಾಲದಲ್ಲಿ ಚಪ್ಪಲಿಗೆ ಬೂಸ್ಟು ಹಿಡಿಯುವ ಹಾಗೆಯೇ ಲೆನ್ಸ್‌ನ ಒಳಗೂ ಹಿಡಿಯುತ್ತದೆ. ಚರ್ಮದ ಚೀಲದಲ್ಲಿ ಕಟ್ಟಿ ಕಪಾಟಿನಲ್ಲಿ ಇಡುವುದು ಎಲ್ಲಕ್ಕಿಂತ ಕೆಟ್ಟದ್ದು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್. ಬಣ್ಣ ಬದಲಾಗುವ ಜೆಲ್ ತಂದರೆ ತೇವ ಕುಡಿದಿದ್ದು ಗೊತ್ತಾಗುತ್ತದೆ, ಬಿಸಿ ಮಾಡಿ ಮತ್ತೆ ಬಳಸಬಹುದು.

ಕಡೆಯದಾಗಿ ಪ್ರಿಂಟು. ಬಲೆ ಎಳೆದವರದ್ದೋ, ಅಡಿಕೆ ಸುಲಿದವರದ್ದೋ ಫೋಟೊ ಚೆನ್ನಾಗಿ ಬಂದರೆ ಒಂದು ಪ್ರಿಂಟ್ ಹಾಕಿಸಿ ಕೊಟ್ಟು ಬನ್ನಿ. ಮುಂದಿನ ಸಲ ನೀವು ಹೋದಾಗ ಅವರೇ ಕರೆದು ಜಾಗ ಕೊಡುತ್ತಾರೆ. ಸ್ಟುಡಿಯೋಕ್ಕೆ ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೊ ಅಂತ ಕಳಿಸಬೇಡಿ, ಅದು ಚಿತ್ರವನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಇನ್ನೊಂದು, ಮೊಬೈಲ್ ಫೋಟೊ ಸಾಮಾನ್ಯವಾಗಿ 4ಕ್ಕೆ 3ರ ಅಳತೆಯದ್ದು. 6ಕ್ಕೆ 4 ಇಂಚಿನ ಕಾಗದಕ್ಕೆ ಹಾಕುವಾಗ ಉದ್ದನೆಯ ಎರಡು ಬದಿಯಲ್ಲಿ ಸ್ವಲ್ಪ ಕತ್ತರಿ ಬೀಳುತ್ತದೆ. ಅದಕ್ಕೇ ಮೊಬೈಲ್ ಅಡ್ಡ ಹಿಡಿದು ತೆಗೆಯುವಾಗಲೇ ತಲೆಯ ಮೇಲೆ ಒಂದಿಷ್ಟು ಜಾಗ ಬಿಟ್ಟಿರಿ. ನಮಸ್ಕಾರ.