ಕಡಲು ನಿಮ್ಮದು, ದಾರಿ ನಮ್ಮದು

ಕೇಳುಗರೆಲ್ಲರಿಗೂ ನಮಸ್ಕಾರ.

ಹನ್ನೆರಡು ನಿಮಿಷ ಮಾತನಾಡಿ ಎಂದು ನಿಲಯದವರು ಕರೆದಿದ್ದಾರೆ. ವಿಷಯ 'ಕಡಲ ಪ್ರವಾಸೋದ್ಯಮ ಮತ್ತು ಪರಿಸರ'. ಮೂವತ್ತು ವರ್ಷ ಕಡಲ ಜೀವಶಾಸ್ತ್ರ ಕಲಿಸಿದವಳು ನಾನು. ಹನ್ನೆರಡು ನಿಮಿಷದಲ್ಲಿ ಹಾಜರಿ ಕರೆದು ಮುಗಿಸಿದ್ದೇ ಹೆಚ್ಚು. ಹಾಗಾಗಿ ಇಡೀ ಕಡಲನ್ನು ಪಕ್ಕಕ್ಕಿಟ್ಟು ಒಂದೇ ಒಂದು ಮಾತು ಹೇಳುತ್ತೇನೆ. ಅದನ್ನೇ ತಿರುಗಿಸಿ ತಿರುಗಿಸಿ ಹೇಳುತ್ತೇನೆ, ಬೇಸರಪಡಬೇಡಿ.

ಈ ಹೊತ್ತಿಗೆ ಕೇಳುತ್ತಿರುವವರು ಯಾರಿರಬಹುದು ಎಂದು ಯೋಚಿಸಿದೆ. ಅಂಕೋಲೆ, ಕುಮಟೆ, ಹೊನ್ನಾವರದ ಕಡೆ ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಮೀನು ಕೊಯ್ಯುತ್ತ, ಪಕ್ಕದಲ್ಲಿ ರೇಡಿಯೋ ಹಾಕಿಕೊಂಡಿರುವ ತಾಯಂದಿರೇ ನನ್ನ ಕಣ್ಣಮುಂದೆ ಬರುತ್ತಾರೆ. ನಿಮ್ಮಲ್ಲಿ ಕೆಲವರ ಮಗ ಹಡಗಿನಲ್ಲಿದ್ದಾನೆ. ಸರಕಿನ ಹಡಗಲ್ಲ, ಪ್ರವಾಸಿಗರ ಹಡಗು. ಅಡುಗೆಮನೆಯಲ್ಲೋ, ಊಟದ ಹಾಲಿನಲ್ಲೋ, ಕೋಣೆ ಗುಡಿಸಿ ಹಾಸಿಗೆ ಹಾಸುವಲ್ಲೋ ದುಡಿಯುತ್ತಾನೆ. ಈಗೆಲ್ಲಿದ್ದಾನೆ ಎಂದು ಕೇಳಿದರೆ 'ಬಹಾಮಾಸ್ ಅಂತೆ' ಎನ್ನುತ್ತೀರಿ. ನಾನು ಹೇಳಹೊರಟಿರುವುದು ಆ ಬಹಾಮಾಸ್ ಬಗ್ಗೆಯೇ.

ಅಮೆರಿಕದ ಫ್ಲಾರಿಡಾದ ಮಗ್ಗುಲಿಗೆ, ಅಟ್ಲಾಂಟಿಕ್ ಸಾಗರದಲ್ಲಿ ಚೆಲ್ಲಿದಂತೆ ಬಿದ್ದಿರುವ ಸುಮಾರು 700 ದ್ವೀಪಗಳ ದೇಶ ಅದು. 1492ರಲ್ಲಿ ಭಾರತವನ್ನು ಹುಡುಕಿಕೊಂಡು ಹೊರಟ ಕೊಲಂಬಸ್ ಮೊದಲು ಕಾಲಿಟ್ಟದ್ದು ಅಲ್ಲಿನ ಒಂದು ದ್ವೀಪದಲ್ಲಿ. 1973ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾಯಿತು. ಇಡೀ ದೇಶದ ಜನಸಂಖ್ಯೆ ಸುಮಾರು ನಾಲ್ಕು ಲಕ್ಷ. ಆದರೆ 2024ರ ಒಂದೇ ವರ್ಷದಲ್ಲಿ ಅಲ್ಲಿಗೆ ಬಂದ ಪ್ರವಾಸಿಗರು ಒಂದು ಕೋಟಿಗೂ ಹೆಚ್ಚು. ಅವರಲ್ಲಿ ಬಹುಪಾಲು ಜನ ಬಂದದ್ದು ಹಡಗಿನಲ್ಲಿ.

ಬಂದವರು ಇಳಿಯುವುದೆಲ್ಲಿ? ಮೊದಲೆಲ್ಲ ರಾಜಧಾನಿ ನಾಸೋದಲ್ಲಿ ಇಳಿಯುತ್ತಿದ್ದರು. ಪೇಟೆಯಲ್ಲಿ ಸುತ್ತಾಡಿ ಟ್ಯಾಕ್ಸಿಯವನಿಗೆ, ಹುಲ್ಲಿನ ಬುಟ್ಟಿ ಹೆಣೆಯುವ ಹೆಂಗಸಿಗೆ, ಮೀನು ಹುರಿಯುವವನಿಗೆ ನಾಲ್ಕು ಕಾಸು ಕೊಡುತ್ತಿದ್ದರು. 1977ರಲ್ಲಿ ನಾರ್ವೇಜಿಯನ್ ಹೆಸರಿನ ಹಡಗು ಕಂಪನಿ ಗ್ರೇಟ್ ಸ್ಟಿರಪ್ ಕೇ ಎಂಬ ಇಡೀ ದ್ವೀಪವನ್ನೇ ಕೊಂಡುಕೊಂಡಿತು. ಪ್ರವಾಸಿಗರನ್ನು ಬೇರೆಯವರ ಪೇಟೆಯಲ್ಲಿ ಇಳಿಸುವ ಬದಲು ತನ್ನದೇ ದ್ವೀಪದಲ್ಲಿ ಇಳಿಸಿದರೆ ಖರ್ಚು ಮಾಡುವ ಹಣವೂ ಮನೆಯಲ್ಲೇ ಉಳಿಯುತ್ತದಲ್ಲ! ಉಳಿದ ಕಂಪನಿಗಳು ಸುಮ್ಮನಿದ್ದಾವೆಯೇ? 'ಕೇ' ಎಂದರೆ ಸಣ್ಣ ದ್ವೀಪ. ಪಕ್ಕದ ಲಿಟಲ್ ಸ್ಟಿರಪ್ ಕೇ ಈಗ 'ಕೋಕೋ ಕೇ'. ಗೋರ್ಡಾ ಕೇ ಈಗ ಡಿಸ್ನಿಯ 'ಕಾಸ್ಟ್‌ಅವೇ ಕೇ'. ಲಿಟಲ್ ಸ್ಯಾನ್ ಸಾಲ್ವಡೋರ್ ಈಗ 'ಹಾಫ್ ಮೂನ್ ಕೇ'. ದ್ವೀಪ ಕೊಂಡವರು, ಗುತ್ತಿಗೆಗೆ ಹಿಡಿದವರು ಮೊದಲು ಮಾಡುವ ಕೆಲಸ ಹೆಸರು ಬದಲಿಸುವುದು, ಗಮನಿಸಿ. ಕೋಕೋ ಕೇಗೆ ರಾಯಲ್ ಕೆರಿಬಿಯನ್ ಕಂಪನಿ 25 ಕೋಟಿ ಡಾಲರ್ ಸುರಿಯಿತು. 135 ಅಡಿ ಎತ್ತರದ ಜಾರುಬಂಡೆ ನಿಲ್ಲಿಸಿತು. ಕಡಲಿನ ನಡುವೆ ಕುಳಿತು ಈಜುಕೊಳ ಕಟ್ಟಿದ್ದಾರೆ. ಇದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಈಗ ನನ್ನ ಒಂದು ಮಾತು. ಬಹಾಮಾಸ್‌ನಲ್ಲಿ ಉಬ್ಬರದ ನೀರು ಮುಟ್ಟುವ ಗೆರೆಯವರೆಗೆ ಕಡಲತೀರ ಸಾರ್ವಜನಿಕರದು. ನೀವು ಭರತಿ ಎನ್ನುತ್ತೀರಲ್ಲ, ಆ ಭರತಿಯ ಗೆರೆ. ಅದರ ಮೇಲಿನ ಒಣನೆಲ ಯಾರು ಕೊಂಡರೋ ಅವರದು. ಅಂದರೆ ತೀರ ಜನರದು, ತೀರಕ್ಕೆ ಬರುವ ದಾರಿ ಕಂಪನಿಯದು. ಮನೆ ನಿಮ್ಮದು, ಆದರೆ ಬಾಗಿಲು ನಮ್ಮದು ಎಂದ ಹಾಗೆ.

ಇದು ಪುಸ್ತಕದಿಂದ ತಿಳಿದದ್ದಲ್ಲ, ಕಣ್ಣಾರೆ ನೋಡಿದ್ದೇನೆ. ಅದನ್ನು ಹೇಳಲೇಬೇಕು.

ನಿವೃತ್ತಿಯಾದ ಮೇಲೆ ಮಗಳು ಅಳಿಯ ಫ್ಲಾರಿಡಾಕ್ಕೆ ಕರೆಸಿಕೊಂಡರು. ಅಮ್ಮ ಜೀವನವಿಡೀ ಕಡಲು ಕಡಲು ಎಂದಳು, ಒಮ್ಮೆ ಹಡಗು ಹತ್ತಿಸೋಣ ಎಂದು ನಾಲ್ಕು ರಾತ್ರಿಯ ಟಿಕೆಟ್ ತೆಗೆದರು. ಕಂಪನಿಯ ಹೆಸರು ಬೇಡ, ದ್ವೀಪದ ಹೆಸರೂ ಬೇಡ. ಮಗಳು ಪ್ರೀತಿಯಿಂದ ಕೊಟ್ಟ ಕಾಣಿಕೆಯನ್ನು ರೇಡಿಯೋದಲ್ಲಿ ದೂರಿದೆ ಎಂದಾಗಬಾರದು.

ಎರಡನೆಯ ರಾತ್ರಿ ಊಟದ ಮೇಜಿನಲ್ಲಿ ನಾನು ಮಗಳಿಗೆ 'ಇಷ್ಟು ತರಹದ ಮೀನಿದೆ, ಒಂದಕ್ಕೂ ಹುಳಿಯಿಲ್ಲ' ಎಂದೆ. ನೀರು ಬಗ್ಗಿಸುತ್ತಿದ್ದ ಹುಡುಗನ ಕೈ ನಿಂತಿತು. 'ಯಾವೂರು ಅಮ್ಮಾ?' ಎಂದ. ಕುಮಟೆಯ ಕಡೆಯವನು. ಮರುದಿನ ನಾವು ಇಳಿಯಲಿರುವ ದ್ವೀಪದಲ್ಲಿ ಊರು ಎಷ್ಟು ದೂರ ಎಂದು ಅವನನ್ನು ಕೇಳಿದೆ. ನಕ್ಕುಬಿಟ್ಟ. 'ಊರಿಲ್ಲ ಅಮ್ಮಾ. ಊರಿನ ಹಾಗೆ ಬಣ್ಣ ಬಳಿದ ಅಂಗಡಿಗಳಿವೆ. ಎಲ್ಲವೂ ನಮ್ಮದೇ.' ಆ 'ನಮ್ಮದೇ' ಎಂದರೆ ಕಂಪನಿಯದು. ಪಾಪ, ದುಡಿಯುವವರು ಹಾಗೆಯೇ ಹೇಳುವುದು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಇಳಿದೆ. ಸಣ್ಣ ಟ್ರ್ಯಾಕ್ಟರ್ ಒಂದು ಮರಳನ್ನು ಬಾಚಣಿಗೆಯಿಂದ ಬಾಚಿದ ಹಾಗೆ ಬಾಚುತ್ತ ಹೋಗುತ್ತಿತ್ತು. ರಾತ್ರಿ ದಡಕ್ಕೆ ಬಿದ್ದ ಕಡಲಪಾಚಿಯನ್ನೆಲ್ಲ ತೆಗೆದಾಗಿತ್ತು. ನಮ್ಮಂಥವರಿಗೆ ಆ ಪಾಚಿಯ ಸಾಲೇ ದಿನಪತ್ರಿಕೆ. ರಾತ್ರಿ ನೀರು ಎಲ್ಲಿಯವರೆಗೆ ಬಂದಿತ್ತು, ಯಾವ ಚಿಪ್ಪು ಬಂತು, ಏಡಿ ಎಲ್ಲಿ ಬಿಲ ತೋಡಿತು ಎಲ್ಲವನ್ನೂ ಅದರಲ್ಲಿ ಓದಬಹುದು. ಅಲ್ಲಿ ಓದಲು ಏನೂ ಉಳಿದಿರಲಿಲ್ಲ. ಇಡೀ ದಂಡೆ ಹೊಸದಾಗಿ ಒಗೆದು ಹಾಸಿದ ಹಾಸಿಗೆ.

ಕುರ್ಚಿಗಳ ಸಾಲು ದಾಟಿ ತುದಿಗೆ ನಡೆದೆ. ಅಲ್ಲೊಂದು ಹಗ್ಗ, ಅದರಾಚೆ ನೀರಿನಲ್ಲಿ ಒಂದು ಸಣ್ಣ ದೋಣಿ. ದೋಣಿಯಲ್ಲಿ ನನ್ನದೇ ವಯಸ್ಸಿನ ಒಬ್ಬ ಮೀನುಗಾರ. ಬುಡದಲ್ಲಿ ನಾಲ್ಕೈದು ದೊಡ್ಡ ಶಂಖ, ಒಳಬಾಯಿ ಗುಲಾಬಿ ಬಣ್ಣದ್ದು. ಅಲ್ಲಿನವರು ಅದರ ಮಾಂಸವನ್ನು ಹಸಿಯಾಗಿ ಹೆಚ್ಚಿ, ಈರುಳ್ಳಿ, ಮೆಣಸಿನಕಾಯಿ, ನಿಂಬೆಹುಳಿ ಹಾಕಿ ತಿನ್ನುತ್ತಾರೆ. ಹುಳಿ ಎಂದರೇನೆಂದು ಬಲ್ಲ ಜನ! ನಾನು ಕೈಬೀಸಿದೆ. ಆತ ದೋಣಿಯಿಂದ ಇಳಿದು ಮೊಣಕಾಲು ನೀರಿನಲ್ಲಿ ನಡೆದು ಬಂದು ಒದ್ದೆ ಮರಳಿನ ಮೇಲೆ ನಿಂತ. ಪಕ್ಕದ ದ್ವೀಪದವನಂತೆ. ಅಪ್ಪ ಇದೇ ದಂಡೆಯಲ್ಲಿ ಬಲೆ ಒಣಗಿಸುತ್ತಿದ್ದನಂತೆ. ಶಂಖವನ್ನು ನನ್ನ ಕೈಗೆ ಕೊಟ್ಟ.

ಅಷ್ಟರಲ್ಲಿ ಕಾವಲಿನ ಹುಡುಗ ಓಡಿ ಬಂದ. ಅವನೂ ಅದೇ ದೇಶದವನು. ಒರಟಾಗಿ ಮಾತನಾಡಲಿಲ್ಲ, ಅದನ್ನು ಹೇಳಬೇಕು. ಬೂಟಿನ ತುದಿಯಿಂದ ಮರಳಿನಲ್ಲಿ ಒಂದು ಗೆರೆ ಎಳೆದ. 'ಅಜ್ಜಾ, ಇಲ್ಲಿಯವರೆಗೆ ನಿನ್ನದು. ಇದರ ಮೇಲೆ ಬರಬೇಡ' ಎಂದ. ಮುದುಕ ಗೆರೆಯನ್ನು ನೋಡಿದ, ನೀರನ್ನು ನೋಡಿದ. ಉಬ್ಬರ ಏರುತ್ತಿತ್ತು. 'ಸ್ವಲ್ಪ ಹೊತ್ತು ತಡೆ ಮಗನೇ, ನನ್ನ ಪಾಲು ಬೆಳೆಯುತ್ತಿದೆ' ಎಂದ.

ಹುಡುಗನೂ ನಕ್ಕ. ನಾನೂ ನಕ್ಕೆ. ಆದರೆ ಮುದುಕ ಗೆರೆ ದಾಟಲಿಲ್ಲ. ಹುಟ್ಟಿದಂದಿನಿಂದ ಕಂಡ ದಂಡೆಯ ಮೇಲೆ, ಬೂಟಿನ ತುದಿಯಲ್ಲಿ ಎಳೆದ ಗೆರೆಯ ಈಚೆ ನಿಂತು ನನ್ನೊಡನೆ ಮಾತನಾಡಿ ಹೋದ. ನಾನೋ, ನಿನ್ನೆ ಬಂದು ಇಂದು ಹೋಗುವವಳು, ಗೆರೆಯ ಮೇಲೆ ಒಣ ಮರಳಿನಲ್ಲಿ ನಿಂತಿದ್ದೆ. ಕೊರಳಲ್ಲಿ ಹಡಗಿನ ಕಾರ್ಡು ತೂಗುತ್ತಿತ್ತು.

ಗಡಿಯಾರ ನೋಡಿದರೆ ಅರ್ಧಕ್ಕಿಂತ ಹೆಚ್ಚು ಸಮಯ ಈ ಕಥೆಯೇ ತಿಂದಿದೆ. ಇರಲಿ.

'ಮೇಡಂ, ಇದು ಜಾಗದ ಜಗಳವಾಯಿತು, ಪರಿಸರ ಎಲ್ಲಿ?' ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ಕೇಳಿದರೆ ನನಗೆ ಸಿಟ್ಟೇ ಬರುತ್ತದೆ. ಎರಡೂ ಒಂದೇ! ಹವಳ ಎಂದರೆ ಕಲ್ಲಲ್ಲ, ಸಾಸಿವೆಯಿಂದ ಕಡಲೆಕಾಳಿನಷ್ಟು ಗಾತ್ರದ ಪ್ರಾಣಿಗಳ ಊರು. ಆ ಪ್ರಾಣಿಯ ಮೈಯೊಳಗೆ ಪಾಚಿಯ ಕಣಗಳಿವೆ. ಅವು ಬಿಸಿಲಿನಿಂದ ಅನ್ನ ಬೇಯಿಸಿ ಹಾಕುತ್ತವೆ. ದೊಡ್ಡ ಹಡಗು ನಿಲ್ಲಲು ಕಡಲತಳವನ್ನು ತೋಡಿದಿರೋ, ಕೆಸರೆದ್ದು ಬಿಸಿಲು ಮರೆಯಾಗುತ್ತದೆ. ಹೂಳು ಹವಳದ ಮೇಲೆ ಕೂರುತ್ತದೆ. ಅದು ಲೋಳೆ ಸುರಿಸಿ ಹೂಳನ್ನು ತೊಳೆದುಕೊಳ್ಳುತ್ತದೆ. ಮತ್ತೆ ಹೂಳು, ಮತ್ತೆ ಲೋಳೆ. ಕೊನೆಗೆ ಶಕ್ತಿ ಮುಗಿಯುತ್ತದೆ. ಗುಂಡುಕಲ್ಲಿನಂತೆ ಬೆಳೆಯುವ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. ನನ್ನೆತ್ತರದ ಹವಳಕ್ಕೆ ನೂರೈವತ್ತು ವರ್ಷದ ಮೇಲಾಗಿರುತ್ತದೆ. ಇನ್ನು ಆ ಬಿಳಿ ಮರಳು, ಜನ ದುಡ್ಡು ಕೊಟ್ಟು ಮಲಗುವ ಮರಳು, ಅದರಲ್ಲಿ ಒಂದಿಷ್ಟು ಗಿಳಿಮೀನಿನ ಹೊಟ್ಟೆಯಿಂದ ಬಂದದ್ದು. ಅದು ಸತ್ತ ಹವಳವನ್ನು ಕೆರೆದು ತಿಂದು ಹಿಂದಿನಿಂದ ಮರಳು ಉದುರಿಸುತ್ತದೆ. ನಮ್ಮ ಮುರುಡೇಶ್ವರದೆದುರಿನ ನೇತ್ರಾಣಿಯಲ್ಲೂ ಗಿಳಿಮೀನಿದೆ. ಹವಳ ಸತ್ತು, ಆ ಮೀನು ಹೋದರೆ, ಟ್ರ್ಯಾಕ್ಟರಿಗೆ ಬಾಚಲು ಮರಳು ಎಲ್ಲಿಂದ ಬರಬೇಕು?

ಹವಳ ಕಂದಿದ್ದು ಮೊದಲು ಯಾರಿಗೆ ಕಾಣುತ್ತದೆ? ದಿನವೂ ಮುಳುಗಿ ಶಂಖ ಎತ್ತುವ ಆ ಮುದುಕನಿಗೆ. ಅವನನ್ನು ಗೆರೆಯಾಚೆ ನಿಲ್ಲಿಸಿದರೆ ಸಾಕ್ಷಿಯನ್ನೇ ಹೊರಗಿಟ್ಟಂತೆ. ದಾರಿ ಮುಚ್ಚಿದ ಕಡೆ ಏನು ಸತ್ತಿತೆಂದು ಹೇಳುವವರೇ ಇರುವುದಿಲ್ಲ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಬಹಾಮಾಸ್‌ನದೇ ಎಲ್ಯೂಥರಾ ಎಂಬ ಉದ್ದನೆಯ, ಸಪೂರ ದ್ವೀಪದ ದಕ್ಷಿಣದ ತುದಿ ಲೈಟ್‌ಹೌಸ್ ಪಾಯಿಂಟ್. ಊರವರು ತಲೆಮಾರುಗಳಿಂದ ಕಚ್ಚಾ ದಾರಿಯಲ್ಲಿ ಕುಲುಕಾಡುತ್ತ ಹೋಗಿ ಬುತ್ತಿ ಬಿಚ್ಚುತ್ತಿದ್ದ ಜಾಗ. ಅಲ್ಲಿನ ಒಂದು ಸಂಸ್ಥೆ ಅದನ್ನು ಕೊಂಡು ಕಾಪಾಡುತ್ತೇವೆ ಎಂದಿತು. 2019ರಲ್ಲಿ ಕೊಂಡದ್ದು ಡಿಸ್ನಿ. 2024ರ ಜೂನ್‌ನಲ್ಲಿ ಹಡಗು ಬಂತು. ಕಡಲತಳ ತೋಡದೆ ಕಂಬಗಳ ಮೇಲೆ ಹಡಗು ತಂಗುವ ಉದ್ದನೆಯ ಧಕ್ಕೆ ಕಟ್ಟಿದರು, ಹೌದು. ಒಂದಿಷ್ಟು ನೆಲ ಸರ್ಕಾರಕ್ಕೆ ಬಿಟ್ಟುಕೊಡುತ್ತೇವೆ, ಊರವರಿಗೂ ಪ್ರವೇಶವಿರುತ್ತದೆ ಎಂದು ಒಪ್ಪಂದದಲ್ಲಿ ಬರೆದರು, ಅದೂ ಹೌದು. ಆದರೆ ನೋಡಿ, ನಿನ್ನೆಯವರೆಗೆ ಯಾರನ್ನೂ ಕೇಳದೆ ಹೋಗುತ್ತಿದ್ದವರಿಗೆ ಇವತ್ತು 'ಪ್ರವೇಶ' ಸಿಕ್ಕಿದೆ.

ಹೈಟಿ ದೇಶದಲ್ಲಿ ಲಾಬಡಿ ಎಂಬ ಜಾಗವಿದೆ. ದ್ವೀಪವೇ ಅಲ್ಲ, ನೆಲಕ್ಕೆ ಅಂಟಿಕೊಂಡ ಚಾಚು. ಬೇಲಿ ಹಾಕಿ, ಒಳಗೆ ಹಡಗಿನವರ ಜಲಕ್ರೀಡೆ ನಡೆಯುತ್ತಿತ್ತು. 2010ರ ಜನವರಿ 12ರಂದು ಹೈಟಿಯಲ್ಲಿ ಭೀಕರ ಭೂಕಂಪವಾಯಿತಲ್ಲ, ಒಂದು ವಾರವೂ ಕಳೆದಿರಲಿಲ್ಲ, ಅಲ್ಲಿ ಪ್ರವಾಸಿಗರ ಹಡಗು ಬಂದು ನಿಂತಿತು. ಪರಿಹಾರದ ಅಕ್ಕಿ ಬೇಳೆಯನ್ನೂ ತಂದಿತ್ತು. ಆದರೂ ಕೆಲವು ಪ್ರವಾಸಿಗರು, ನಮಗೆ ಇಲ್ಲಿ ಊಟ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಹಡಗಿನಿಂದ ಇಳಿಯಲೇ ಇಲ್ಲ.

ಎಲ್ಲ ಕಡೆ ಕಂಪನಿಯ ಆಟವೇ ನಡೆಯುತ್ತದೆ ಎಂದುಕೊಳ್ಳಬೇಡಿ. ಕೇಮನ್ ದ್ವೀಪಗಳಲ್ಲಿ ಹಡಗಿನ ಧಕ್ಕೆ ಬೇಕೇ ಬೇಡವೇ ಎಂದು 2025ರ ಏಪ್ರಿಲ್‌ನಲ್ಲಿ ಜನರ ಮತ ಕೇಳಿದರು. ಬೇಡ ಎಂದರು.

ನಮ್ಮಲ್ಲಿ? ಕಾರವಾರದವರಿಗೆ ಮುಚ್ಚಿದ ದಂಡೆ ಎಂದರೇನು ಎಂದು ನಾನು ಹೇಳಿಕೊಡಬೇಕಾಗಿಲ್ಲ. ಅದು ನೌಕಾನೆಲೆಯ, ದೇಶರಕ್ಷಣೆಯ ಮಾತು, ಬೇರೆ. ಆದರೆ ಕೂರ್ಮಗಡ ದ್ವೀಪವನ್ನು ನೆನಪಿಸಿಕೊಳ್ಳಿ. ಅಲ್ಲಿ ರೆಸಾರ್ಟ್ ನಡೆದದ್ದೂ ಉಂಟು. ಆದರೂ ನರಸಿಂಹ ದೇವರ ಜಾತ್ರೆಯ ದಿನ ಬಾಳೆಗೊನೆ ಹೊತ್ತು ದೋಣಿ ಹತ್ತಿದವರನ್ನು, ನೆಲ ಯಾರದು, ಗೆರೆ ಎಲ್ಲಿ ಎಂದು ಯಾರು ಕೇಳುತ್ತಾರೆ?

ಗಾಜಿನಾಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ, ಎರಡು ನಿಮಿಷ. ತಾಯಂದಿರಲ್ಲಿ ಒಂದು ಕೆಲಸ ಬೇಡಿಕೊಳ್ಳುತ್ತೇನೆ. 2016ರಲ್ಲಿ ಪ್ರಿನ್ಸೆಸ್ ಹೆಸರಿನ ಹಡಗು ಕಂಪನಿ ಎಣ್ಣೆ ಬೆರೆತ ಕೊಳಕು ನೀರನ್ನು ಕಳ್ಳಪೈಪಿನಿಂದ ಕಡಲಿಗೆ ಬಿಟ್ಟದ್ದನ್ನು ಅಮೆರಿಕದಲ್ಲಿ ಒಪ್ಪಿಕೊಂಡು 4 ಕೋಟಿ ಡಾಲರ್ ದಂಡ ತೆರಬೇಕಾಯಿತು. ಅದರ ಮಾತೃಸಂಸ್ಥೆ ಕಾರ್ನಿವಲ್, ಆಮೇಲೂ ಷರತ್ತು ಮುರಿಯಿತೆಂದು 2019ರಲ್ಲಿ ಇನ್ನೂ 2 ಕೋಟಿ ಡಾಲರ್ ಕಟ್ಟಿತು. ಆ ತಪ್ಪುಗಳಲ್ಲಿ ಒಂದು, ಊಟದ ಕಸದೊಡನೆ ಪ್ಲಾಸ್ಟಿಕ್ಕನ್ನು ಬಹಾಮಾಸ್ ನೀರಿಗೆ ಸುರಿದದ್ದು. ಆ ಕಳ್ಳಪೈಪನ್ನು ಮೊದಲು ಕಂಡು ಹೇಳಿದವರು ಯಾರು? ಅದೇ ಹಡಗಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಬ್ಬ ಎಂಜಿನಿಯರ್. ನಿಮ್ಮ ಮಕ್ಕಳ ಹಾಗೆ ಒಳಗೆ ದುಡಿಯುತ್ತಿದ್ದವನು.

ಮುಂದಿನ ಸಲ ಮಗ ವಿಡಿಯೊ ಕರೆ ಮಾಡಿದಾಗ ಊಟ ಆಯಿತೇ, ರಜೆ ಯಾವಾಗ ಎಂದೆಲ್ಲ ಕೇಳಿದ ಮೇಲೆ ಇದೊಂದನ್ನೂ ಕೇಳಿ: 'ನಿನ್ನ ಆ ದ್ವೀಪಕ್ಕೆ ಅಲ್ಲಿನ ಮೀನುಗಾರರು ಯಾವ ದಾರಿಯಿಂದ ಬರುತ್ತಾರೆ?' ಅವನು ಏನು ಹೇಳಿದನೆಂದು ಒಂದು ಕಾರ್ಡಿನಲ್ಲಿ ಬರೆದು ನಿಲಯದ ವಿಳಾಸಕ್ಕೆ ಹಾಕಿ. ನನಗೆ ತಲುಪಿಸುತ್ತಾರೆ. ನಮಸ್ಕಾರ.