ಸೂಜಿ ಮನೆಯಲ್ಲೋ, ಕ್ಲಿನಿಕ್ಕಿನಲ್ಲೋ?

ಕೇಳುಗರಿಗೆ ನಮಸ್ಕಾರ. ತೀವ್ರ ಅಸ್ತಮಾ ಇರುವ ಕೆಲವರಿಗೆ ಈಗ ಹೊಸ ಬಗೆಯ ಇಂಜೆಕ್ಷನ್ ಕೊಡುತ್ತೇವೆ. ಒಮಾಲಿಜುಮ್ಯಾಬ್, ಮೆಪೊಲಿಜುಮ್ಯಾಬ್ ಅಂತ ನಾಲಿಗೆ ತೊಡರುವ ಹೆಸರುಗಳು. ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಂದು ಸಲ. ಕೊಡಗಿನ ಶ್ರೀಮಂಗಲದ ಕಡೆಯವರು ಇದಕ್ಕಾಗಿ ಮೈಸೂರಿಗೆ ಹೋಗಿ ಬಂದರೆ ಆ ದಿನ ಮುಗಿದಂತೆಯೇ. 'ಮನೆಯಲ್ಲೇ ಚುಚ್ಚಿಕೊಳ್ಳಬಹುದಾ ಡಾಕ್ಟ್ರೇ?' ಅಂತ ಕೇಳುವುದು ಸಹಜ, ಅಲ್ವಾ?

ಚುಚ್ಚಿಕೊಳ್ಳಬಹುದು. ಆದರೆ ಮೊದಲ ದಿನದಿಂದಲೇ ಅಲ್ಲ. ಒಮಾಲಿಜುಮ್ಯಾಬ್ ಅಮೆರಿಕದಲ್ಲಿ ಬಳಕೆಗೆ ಬಂದಿದ್ದು 2003ರಲ್ಲಿ. ಮನೆಯಲ್ಲಿ ಚುಚ್ಚಿಕೊಳ್ಳಲು ಅಲ್ಲಿ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ. ಅಪರೂಪಕ್ಕೆ ಕೆಲವರಿಗೆ ಔಷಧಿಯೇ ಒಗ್ಗದೆ ಮೈಯೆಲ್ಲ ದದ್ದು, ಗಂಟಲು ಊತ, ತಲೆಸುತ್ತು, ಉಸಿರುಕಟ್ಟು ಶುರುವಾಗುತ್ತದೆ. ಆಗ ತೊಡೆಗೆ ತಕ್ಷಣ ಅಡ್ರಿನಲಿನ್ ಇಂಜೆಕ್ಷನ್ ಬೀಳಬೇಕು. ಅದಕ್ಕೇ ಮೊದಲ ಮೂರು ಡೋಸಾದರೂ ಡಾಕ್ಟರ ಕಣ್ಣೆದುರೇ ಆಗಬೇಕು. ಹಿಂದೆ ಯಾವುದಕ್ಕಾದರೂ ಹೀಗೆ ಆಗಿದ್ದರೆ ಈ ಔಷಧಿಯನ್ನು ಮನೆಯಲ್ಲಿ ತೆಗೆದುಕೊಳ್ಳುವ ಮಾತೇ ಬೇಡ.

ಧೂಳು, ಪರಾಗದ ಅಲರ್ಜಿಗೆ ವರ್ಷಗಟ್ಟಲೆ ಕೊಡುವ ಇಂಜೆಕ್ಷನ್ ಬೇರೆ. ಅದರಲ್ಲಿ ನಿಮಗೆ ಆಗದ ವಸ್ತುವನ್ನೇ ಚೂರುಚೂರು ಒಳಗೆ ಬಿಡುತ್ತೇವೆ. ಅದು ಕ್ಲಿನಿಕ್ಕಿನಲ್ಲೇ ಆಗಬೇಕು, ಆಮೇಲೆ ಅರ್ಧ ಗಂಟೆ ಕೂರಬೇಕು. ಬಸ್ಸು ಹೋದರೆ ಹೋಗಲಿ.

ಇನ್ನು ಫ್ರಿಜ್ಜಿನ ಮಾತು. ಮನೆಯಲ್ಲಿ ಚುಚ್ಚಿಕೊಳ್ಳುವ ಅಸ್ತಮಾದ ಸಿರಿಂಜುಗಳು 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರೀಜರಿಗೆ ಹಾಕಿದರೆ ಕೆಟ್ಟಿತು. ಒಮಾಲಿಜುಮ್ಯಾಬನ್ನು ಚುಚ್ಚುವ ಮೊದಲು ಅರ್ಧ-ಮುಕ್ಕಾಲು ಗಂಟೆ ಹೊರಗಿಡಬೇಕು. ಚಳಿ ಅಂತ ಒಲೆ ಪಕ್ಕ ಇಡಬೇಡಿ, ಬಿಸಿನೀರಿಗೂ ಹಾಕಬೇಡಿ, ಸುಮ್ನೆ ಮೇಜಿನ ಮೇಲಿರಲಿ. ತೊಡೆ ಅಥವಾ ಹೊಟ್ಟೆ, ಹೊಕ್ಕುಳಿನಿಂದ ಎರಡು ಇಂಚು ದೂರ. ಪ್ರತಿ ಸಲ ಜಾಗ ಬದಲಿಸಿ. ಬಳಸಿದ ಸೂಜಿ ಗಟ್ಟಿ ಡಬ್ಬಿಗೆ. ತೋಟದ ಗುಂಡಿಗೆ ಎಸೆದರೆ ನಾಳೆ ಕೆಲಸದವರ ಕಾಲಿಗೆ ಚುಚ್ಚುತ್ತದೆ.

ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಮರ ಬಿದ್ದು ಲೈನ್ ಹರಿದರೆ ಕರೆಂಟ್ ಯಾವಾಗ ಬರುತ್ತದೋ ಹೇಳೋರಿಲ್ಲ. ಹೊರಗಿದ್ದರೆ ಎಷ್ಟು ಹೊತ್ತು ತಡೆಯುತ್ತದೆ ಅನ್ನೋದು ಒಂದೊಂದು ಔಷಧಿಗೆ ಒಂದೊಂದು ಲೆಕ್ಕ. ಪೆಟ್ಟಿಗೆಯೊಳಗಿನ ಚೀಟಿ ಓದಿ. ಮಳೆಗೆ ದಾರಿ ಕುಸಿದರೆ ಆಸ್ಪತ್ರೆಯೂ ದೂರ. ಅದಕ್ಕೆ ನನ್ನ ಮಾತು ಇಷ್ಟೇ: ಬೇಸಿಗೆಯಲ್ಲಿ ಮನೆಯಲ್ಲೇ ತೆಗೆದುಕೊಳ್ಳುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹತ್ತಿರದ ಆಸ್ಪತ್ರೆಯಲ್ಲಿ ಹಾಕಿಸಿಕೊಳ್ಳಿ. ನಿಮ್ಮ ಡಾಕ್ಟರ ಹತ್ತಿರ ಈಗಲೇ ಮಾತಾಡಿಟ್ಟುಕೊಳ್ಳಿ.

ಮತ್ತೆ, ಉಸಿರು ಹಿಡಿದಾಗ ಈ ಸೂಜಿ ಕೆಲಸಕ್ಕೆ ಬಾರದು. ಆಗ ಇನ್‌ಹೇಲರೇ ಬೇಕು. ಅದು ಜೇಬಿನಲ್ಲೇ ಇರಲಿ.